ಚಂದಾ ಒಂದು ಸಲ, ಚಿಕಿತ್ಸೆ ಮೂರು ವರ್ಷ

ಕಳೆದ ವರ್ಷ ನಮ್ಮ ಓಣಿಯ 11 ವರ್ಷದ ಹುಡುಗನಿಗೆ ಬಂದ ಜ್ವರ ಬಿಡಲೇ ಇಲ್ಲ. ಮೈಮೇಲೆ ನೀಲಿ ಕಲೆಗಳು ಎದ್ದವು. ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿಸಿದಾಗ ರಕ್ತ ಕ್ಯಾನ್ಸರ್ ಎಂದು ಗೊತ್ತಾಯಿತು.

ಶುಕ್ರವಾರದ ನಮಾಜಿನ ನಂತರ ಜಮಾತಿನವರು ಚಂದಾ ಎತ್ತಿದರು. ಪಕ್ಕದ ಓಣಿಯ ಗಣೇಶ ಮಂಡಳಿಯ ಹುಡುಗರೂ ಹಣ ಕೂಡಿಸಿ ಕೊಟ್ಟರು. ಆ ಹಣ ಎರಡು ತಿಂಗಳಲ್ಲಿ ಖರ್ಚಾಯಿತು. ಆದರೆ ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಾಣುವ ಈ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ನಡುವೆ ಬಿಡದೆ ಪೂರ್ತಿ ಮಾಡಿದರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ.

"ಆಯುಷ್ಮಾನ್ ಕಾರ್ಡ್ ಇದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. ಹೌದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅವನ ಕೀಮೋ ನಡೆಯುತ್ತಿರುವುದೇ ಅದರಿಂದ. ಸರ್ಕಾರಕ್ಕೆ ಧನ್ಯವಾದ ಹೇಳಲೇಬೇಕು. ಆದರೆ ಕಾರ್ಡು ಆಸ್ಪತ್ರೆಯ ಬಾಗಿಲಿನ ಒಳಗೆ ಮಾತ್ರ ನಡೆಯುತ್ತದೆ. ಅಲ್ಲಿಯವರೆಗಿನ ದಾರಿ ಖರ್ಚು, ತಪ್ಪಿದ ಕೂಲಿ ಮನೆಯವರ ಪಾಲಿಗೆ. ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಉಚಿತ. ಮಗನಿಗೂ ತಂದೆಗೂ ಟಿಕೆಟ್ ತೆಗೆಯಬೇಕು. ಕೀಮೋಕ್ಕೆ ಮೊದಲು ರಕ್ತಕಣಗಳ ಎಣಿಕೆ ನೋಡುತ್ತಾರೆ. ಕಡಿಮೆ ಇದ್ದರೆ, "ಮುಂದಿನ ವಾರ ಬನ್ನಿ." ಅವತ್ತಿನ ಖರ್ಚೂ ಹೋಯಿತು, ಕೂಲಿಯೂ ಹೋಯಿತು.

"ಬೇಟಾ, ಯಾರ ಹತ್ತಿರ ಎಷ್ಟು ಸಲ ಕೇಳಲಿ?" ಎಂದು ಖಾಲಾ ಅಮ್ಮಿಯ ಮುಂದೆ ಅತ್ತಿದ್ದನ್ನು ನಾನು ಮರೆತಿಲ್ಲ. ದಾನ ಕೊಡುವುದು ನಮಗೆ ಪುಣ್ಯ. ಆದರೆ ಚಿಕಿತ್ಸೆ ಪಡೆಯುವುದು ಅವನ ಹಕ್ಕು.

ಸರ್ಕಾರದ ಮುಂದೆ ನನ್ನ ಬೇಡಿಕೆ ಮೂರು. ರಕ್ತ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಉಚಿತ ಬಸ್ ಪಾಸ್ ಕೊಡಲಿ. ರಕ್ತದ ಎಣಿಕೆಯನ್ನು ಸವಣೂರು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿ, ವರದಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಲಿ. ಪ್ಲೇಟ್‌ಲೆಟ್ ಸುಮಾರು ಐದು ದಿನ ಮಾತ್ರ ಉಳಿಯುತ್ತದೆ. ಅದು ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಯಾವಾಗಲೂ ಸಿಗುವಂತಾಗಲಿ.

ಗೆಳೆಯ ಗೆಳತಿಯರೇ, ರಕ್ತದಾನಕ್ಕೆ 18 ತುಂಬಿರಬೇಕು. ನಮ್ಮಲ್ಲಿ ಬಹಳ ಜನಕ್ಕೆ ಇನ್ನೂ ತುಂಬಿಲ್ಲ. ಆದರೆ ಅರ್ಜಿ ಬರೆಯಲು ಈ ವಯಸ್ಸು ಸಾಕು. ಜಿಲ್ಲಾಧಿಕಾರಿಗಳ ಮೂಲಕ ಆರೋಗ್ಯ ಸಚಿವರಿಗೆ ಕಳಿಸುವ ಮನವಿಯನ್ನು ನಾನು ಬರೆದಿಟ್ಟಿದ್ದೇನೆ. ಸೋಮವಾರ ಗ್ರಂಥಾಲಯಕ್ಕೆ ಬನ್ನಿ, ಓದಿ, ಒಪ್ಪಿದರೆ ಸಹಿ ಮಾಡಿ.