ಕಿವಿಗೆ ನಿಲುಕಬೇಕಾದ ಕನ್ನಡ

ದೃಷ್ಟಿಹೀನನಾದ ಮನುಷ್ಯನು ಪರರ ಕಣ್ಣನ್ನು ಆಶ್ರಯಿಸದೆ ತಾನೇ ಓದಿ, ತಾನೇ ಬರೆದು, ತನ್ನ ವ್ಯವಹಾರವನ್ನು ತಾನೇ ನಿರ್ವಹಿಸಿಕೊಳ್ಳುವುದು ಗಣಕಯಂತ್ರದ ದೆಸೆಯಿಂದ ನಮ್ಮ ಕಾಲದಲ್ಲಿ ಸಾಧ್ಯವಾಗಿದೆ. ಆದರೆ ಈ ಸ್ವಾತಂತ್ರ್ಯವು ಇಂಗ್ಲಿಷ್ ಓದುವವನಿಗೆ ದೊರೆತಷ್ಟು ಸುಲಭವಾಗಿ ಕನ್ನಡ ಓದುವವನಿಗೆ ಇನ್ನೂ ದೊರೆತಿಲ್ಲ. ಇದಕ್ಕೆ ಮುಖ್ಯ ಕಾರಣವು ಯಂತ್ರದ ನ್ಯೂನತೆಯೂ ಅಲ್ಲ, ದ್ರವ್ಯದ ಅಭಾವವೂ ಅಲ್ಲ, ಕಡತಗಳನ್ನು ಸಿದ್ಧಪಡಿಸುವಲ್ಲಿ ನಾವು ತೋರುತ್ತಿರುವ ಉಪೇಕ್ಷೆ.

ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಪರದೆಯ ಮೇಲಣ ಅಕ್ಷರಗಳನ್ನು ಧ್ವನಿಯಾಗಿ ಉಚ್ಚರಿಸುತ್ತದೆ. ಮೌಸನ್ನು ಮುಟ್ಟದೆ, ಕೀಲಿಮಣೆಯ 'ಎಚ್' ಒಂದನ್ನೇ ಒತ್ತುತ್ತ, ಅದನ್ನು ಬಳಸುವವನು ಜಾಲಪುಟದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗಬಲ್ಲನು. ಇಂಥ ತಂತ್ರಾಂಶಗಳು ಬಹುಕಾಲ ದುಬಾರಿಯಾಗಿದ್ದವು. ಸ್ವತಃ ಅಂಧರಾದ ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಅಂಧರೇ ಆದ ಜೇಮ್ಸ್ ತೆಹ್ ಅವರೊಡನೆ ಬೆಳೆಸಿದ ಎನ್‌ವಿಡಿಎ ಇಂದು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಕನ್ನಡವನ್ನು ಉಚ್ಚರಿಸುವ ಧ್ವನಿಯೂ ಅದರೊಡನೆ ಲಭ್ಯವಿದೆ.

ಹೀಗಿರುವಾಗ ತೊಡಕು ಎಲ್ಲಿ? ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವನ್ನು ಕೊಡುವ ಯೂನಿಕೋಡ್ ರೂಢಿಗೆ ಬರುವ ಮುನ್ನ, ಕನ್ನಡವನ್ನು ಗಣಕಕ್ಕೆ ತರಲು ಶ್ರಮಿಸಿದವರು ಅನಿವಾರ್ಯವಾಗಿ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸಿದರು. ಅಂಥ ಹಳೆಯ ಫಾಂಟುಗಳಲ್ಲೊಂದಾದ 'ನುಡಿ'ಯಲ್ಲಿ 'ಕನ್ನಡ' ಎಂಬ ಮೂರಕ್ಷರವು ಕಣ್ಣಿಗೆ ಕನ್ನಡವಾಗಿಯೇ ತೋರುತ್ತದೆ. ಯಂತ್ರಕ್ಕಾದರೋ ಅದು ರೋಮನ್ನಿನ 'ಪಿ', ಮೇಲೆ ಗೀಟುಳ್ಳ 'ಎ', ಪೌಂಡ್ ನಾಣ್ಯದ ಚಿಹ್ನೆ, ಜರ್ಮನ್ ಭಾಷೆಯದೊಂದು ಅಕ್ಷರ, 'ಕ್ಯೂ' ಇತ್ಯಾದಿಗಳ ಅಸಂಬದ್ಧ ಸರಣಿ. ಸ್ಕ್ರೀನ್ ರೀಡರ್ ಇದ್ದುದನ್ನು ಇದ್ದಂತೆ ಓದುತ್ತದೆ, ಕೇಳುವವನಿಗೆ ಒಂದು ಪದವೂ ತಿಳಿಯದು. ಮುದ್ರಿತ ಆದೇಶಕ್ಕೆ ಸಹಿ ಮಾಡಿ, ಅದನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರಂತೂ ಸ್ಥಿತಿ ಇನ್ನೂ ದಾರುಣ: ಅಲ್ಲಿರುವುದು ಅಕ್ಷರಗಳ ಚಿತ್ರವೇ ಹೊರತು ಅಕ್ಷರಗಳಲ್ಲವಾದುದರಿಂದ ಯಂತ್ರವು ಓದಲು ಏನೂ ಸಿಕ್ಕದೆ ಮೂಕವಾಗುತ್ತದೆ. ಹೀಗೆ ವಿಕಲಚೇತನರ ಹಿತಕ್ಕಾಗಿಯೇ ಹೊರಡಿಸಿದ ಸುತ್ತೋಲೆಯನ್ನು ಕೂಡ ಅವರು ನೆರೆಹೊರೆಯವರಿಂದ ಓದಿಸಿಕೊಳ್ಳಬೇಕಾದ ಪ್ರಸಂಗ ಒದಗುತ್ತದೆ.

ಈ ವಿಷಯದಲ್ಲಿ ಶಾಸನವು ಸಂದಿಗ್ಧವಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ಸಮಸ್ತ ವಿಷಯವೂ ಅವರಿಗೆ ನಿಲುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಹೀಗೆ ನಿಲುಕುವಂತೆ ಮಾಡುವ ಮಾನದಂಡಗಳನ್ನು ಬರಿಯ ಸಲಹೆಗಳಾಗಿ ಉಳಿಸಲಾಗದು, ಕಡ್ಡಾಯಗೊಳಿಸತಕ್ಕದ್ದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ತೀರ್ಪಿತ್ತಿತು. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು 2025ರ ಏಪ್ರಿಲಿನಲ್ಲಿ ಸಾರಿತು. ಆದಕಾರಣ ಇದು ದಯೆಯ ಪ್ರಶ್ನೆಯಲ್ಲ, ಕರ್ತವ್ಯದ ಪ್ರಶ್ನೆ.

ಇದರಿಂದ ಪ್ರಯೋಜನ ಪಡೆಯುವವರು ಎಷ್ಟು ಮಂದಿ ಎಂದು ಕೇಳುವವರುಂಟು. 2011ರ ಜನಗಣತಿಯು ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಮಿಕ್ಕಿದ ವಿಕಲಚೇತನರನ್ನು ಗುರುತಿಸಿತ್ತು. ಅವರೆಲ್ಲರೂ ಅಂಧರಲ್ಲ, ದಿಟ; ಆದರೆ ಒಬ್ಬನೇ ಇದ್ದರೂ ಅವನು ನಾಡಿನ ಪೂರ್ಣ ಪ್ರಜೆಯೇ. ಅಲ್ಲದೆ ಯೂನಿಕೋಡಿನಲ್ಲಿ ಸಿದ್ಧವಾದ ಕಡತವು ಹುಡುಕಲಿಕ್ಕೂ ನಕಲು ಮಾಡಲಿಕ್ಕೂ ಕಣ್ಣುಳ್ಳವರಿಗೂ ಒದಗುತ್ತದೆ.

ಪರಿಹಾರವು ದುಸ್ಸಾಧ್ಯವೇನಲ್ಲ. ಹೊಸ ಕಡತಗಳೆಲ್ಲ ಯೂನಿಕೋಡಿನಲ್ಲಿಯೇ ಇರಲಿ. ಹಳೆಯವನ್ನು ಪರಿವರ್ತಿಸುವ ಸಾಧನಗಳೂ ಉಂಟು. ಸಹಿಯುಳ್ಳ ಪ್ರತಿಯ ಚಿತ್ರವನ್ನು ಪ್ರಕಟಿಸುವುದು ಅಗತ್ಯವಾದರೆ, ಮೂಲದ ಪಠ್ಯವೂ ಅದರ ಜೊತೆಗಿರಲಿ. ಪ್ರಕಟಿಸುವ ಮುನ್ನ ಗುಮಾಸ್ತನು ಕಡತದ ಒಂದು ಸಾಲನ್ನು ನಕಲು ಮಾಡಿ ಬೇರೊಂದು ಪುಟದಲ್ಲಿ ಅಂಟಿಸಿ ನೋಡಲಿ: ಅದು ಕನ್ನಡವಾಗಿಯೇ ಉಳಿದರೆ ಕಡತವು ಯಂತ್ರದ ಓದಿಗೆ ಒದಗೀತು; ರೋಮನ್ ಗೋಜಲಾದರೆ, ಅಥವಾ ನಕಲೇ ಆಗದಿದ್ದರೆ, ಅದನ್ನು ತಿದ್ದುವವರೆಗೆ ಪ್ರಕಟಿಸಬಾರದು. ಇಷ್ಟನ್ನು ಪ್ರತಿಯೊಂದು ಇಲಾಖೆಯೂ ವಿಶ್ವವಿದ್ಯಾಲಯವೂ ಪ್ರಕಾಶಕನೂ ಪತ್ರಿಕಾಲಯವೂ ನಿಯಮವನ್ನಾಗಿ ಅಂಗೀಕರಿಸುವುದಕ್ಕೆ ಹೊಸ ಅನುದಾನವನ್ನು ಕಾಯಬೇಕಾಗಿಲ್ಲ.