ಹೊಳೆ ಏರಿದ ಮೇಲೆ ಹಗ್ಗ ಹುಡುಕುವುದೇ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮರುವರ್ಷ ಅದೇ ತಿಂಗಳು ಕೃಷ್ಣಾ, ಘಟಪ್ರಭಾ, ಮಲಪ್ರಭಾ ಊರೊಳಗೆ ನುಗ್ಗಿದವು. ಇಂಥ ಹೊತ್ತಲ್ಲಿ ಮೊದಲು ಕೈಹಿಡಿಯುವವರು ಪಕ್ಕದ ಮನೆಯವರೇ. 112ಕ್ಕೆ ಫೋನ್ ಮಾಡಿ, ಸರಿ. ಸೇತುವೆ ಮುಳುಗಿದ್ದರೆ ಗಾಡಿ ಹೇಗೆ ಬರಬೇಕು?

ನೆರೆ ಇಳಿದ ಮೇಲೆ ಹುಡುಗರಿಗೆ ಶಾಲು ಹೊದಿಸುತ್ತಾರೆ. ನಾವು ಕೇಳುವುದು ಇಷ್ಟೇ: ನೆರೆಗೆ ಮೊದಲು ಅವರಿಗೆ ಏನು ಕೊಟ್ಟಿರಿ? ಧೈರ್ಯವೊಂದೇ ಸಾಲದು. ಈಜು ಬಲ್ಲವನೂ ಮುಳುಗುವವನನ್ನು ಹಿಡಿಯಲು ಹೋಗಿ ತಾನೇ ಮುಳುಗುತ್ತಾನೆ. ಮೊದಲು ಹಗ್ಗ ಎಸೆಯಬೇಕು, ಖಾಲಿ ಕ್ಯಾನ್ ಎಸೆಯಬೇಕು. ಇದನ್ನು ಕಲಿಸಬೇಕು.

ಸ್ವಯಂಸೇವಕರ ತರಬೇತಿಗೆಂದೇ ಕೇಂದ್ರದ ‘ಆಪದಾ ಮಿತ್ರ’ ಯೋಜನೆ 2016ರಲ್ಲಿ ಶುರುವಾಯಿತು. ನಿಮ್ಮೂರಲ್ಲಿ ಆ ತರಬೇತಿ ಪಡೆದವರು ಯಾರು? 2005ರ ವಿಪತ್ತು ನಿರ್ವಹಣಾ ಕಾಯ್ದೆ ಪಂಚಾಯ್ತಿಗೂ ಹೊಣೆ ಹೊರಿಸಿದೆ: ಸಿಬ್ಬಂದಿಗೆ ತರಬೇತಿ ಇರಬೇಕು, ಸಾಮಗ್ರಿ ಕೈಗೆ ಸಿಗುವಂತಿರಬೇಕು.

ಮುಂಗಾರಿಗೆ ಮೊದಲೇ ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಹಗ್ಗ, ಟಾರ್ಚ್, ಲೈಫ್ ಜಾಕೆಟ್ ಎಲ್ಲಿವೆ? ರಾತ್ರಿ ಶಾಲೆಯ ಕೀಲಿ ಯಾರ ಹತ್ತಿರ? ಕೊಟ್ಟಿಗೆಯ ದನ ಬಿಚ್ಚುವವರು ಯಾರು? ನಡೆಯಲಾರದ ಮುದುಕರು, ತುಂಬು ಬಸುರಿಯರು ಯಾವ ಮನೆಯಲ್ಲಿದ್ದಾರೆ? ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡರೆ ಈ ಪಟ್ಟಿ ಒಂದೇ ಸಂಜೆಯ ಕೆಲಸ.

ತಂಡವೆಂದರೆ ಗಂಡುಹುಡುಗರ ಹೆಸರಷ್ಟೇ ಬರೆಯಬೇಡಿ. ಓಣಿಯ ಒಳಹೊರಗು ಬಲ್ಲವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಹೊಳೆದಂಡೆಯ ಕೇರಿಯವರೂ ಇರಲೇಬೇಕು. ನೀರು ಮೊದಲು ಹೋಗುವುದು ಅವರ ಮನೆಗೇ.

‘ದುಡ್ಡಿಲ್ಲ’ ಎನ್ನುತ್ತಾರೆ. ಪಟ್ಟಿ ಬರೆಯಲು ದುಡ್ಡು ಬೇಡ. ತೇರೆಳೆಯಲು ಹಗ್ಗ ಹೊಂದಿಸುವ ಊರು, ಜೀವ ಎಳೆಯಲು ಒಂದು ಹಗ್ಗ ಇಟ್ಟುಕೊಳ್ಳಲಾರದೇ?