ಮಿಶ್ರತಳಿಯ ನಾಯಿಮರಿ: ಕೊಳ್ಳುವ ಮುನ್ನ ಎರಡು ಮಾತು



ಅಡಿಕೆಯ ಧಾರಣೆ, ಕೊಳೆರೋಗ, ಎಲೆಚುಕ್ಕಿ, ಗೊಬ್ಬರದ ಸರಬರಾಜು ಇವನ್ನೆಲ್ಲ ಬಿಟ್ಟು ಈ ಪುಟದಲ್ಲಿ ನಾಯಿಮರಿಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಮೇಳಿಗೆಯ ಸುತ್ತಮುತ್ತ ಈಚೆಗೆ ಒಂದು ಹೊಸ ರೂಢಿ ಕಾಣುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು, ತೋಟದ ಮನೆಯಲ್ಲಿ ತಂದೆತಾಯಿ ಇಬ್ಬರೇ ಇದ್ದಾರಲ್ಲ ಎಂಬ ಕಳಕಳಿಯಿಂದ, ಹತ್ತಾರು ಸಾವಿರ ರೂಪಾಯಿ ತೆತ್ತು ಲ್ಯಾಬ್ರಡೂಡಲ್, ಕಾಕಪೂ, ಮಾಲ್ಟಿಪೂ ಎಂಬ ಹೆಸರಿನ ಮರಿಗಳನ್ನು ತಂದುಬಿಟ್ಟು ಹೋಗುತ್ತಿದ್ದಾರೆ. ಮಕ್ಕಳ ಪ್ರೀತಿಯನ್ನು ನಾವು ಟೀಕಿಸುತ್ತಿಲ್ಲ. ಆದರೆ ಮರಿ ಬಂದ ಮೇಲೆ ಅದನ್ನು ಹತ್ತು ಹನ್ನೆರಡು ವರ್ಷ ನೋಡಿಕೊಳ್ಳಬೇಕಾದವರು ಅರವತ್ತು ಎಪ್ಪತ್ತು ದಾಟಿದ ನಮ್ಮ ಸದಸ್ಯರು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಂದಿಡುವುದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇವೆ.

ಮೊದಲು ಈ ನಾಯಿಗಳೆಂದರೆ ಏನೆಂಬುದನ್ನು ನೋಡೋಣ. ಎರಡು ಬೇರೆ ಬೇರೆ ಶುದ್ಧ ತಳಿಗಳ ನಾಯಿಗಳನ್ನು ಕೂಡಿಸಿ ಹುಟ್ಟಿದ ಮರಿಗೆ ಎರಡೂ ತಳಿಯ ಹೆಸರನ್ನು ಬೆಸೆದು ಹೊಸ ಹೆಸರಿಟ್ಟು ಮಾರುವುದು ಇದರ ಪದ್ಧತಿ. ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿದರೆ ಲ್ಯಾಬ್ರಡೂಡಲ್. ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್ ಸೇರಿದರೆ ಕಾಕಪೂ. ನಮ್ಮ ಅಂಗಳದಲ್ಲಿ ಹುಟ್ಟಿದ ನಾಯಿಯನ್ನು ನಾವೇ ‘ಕಂತ್ರಿ’ ಎಂದು ಹಳಿಯುತ್ತೇವೆ. ಇಂಗ್ಲಿಷಿನ ‘ಕಂಟ್ರಿ’ ಎಂಬ ಮಾತು ನಮ್ಮ ಬಾಯಲ್ಲಿ ಬೈಗುಳವಾಗಿ ನಿಂತಿದೆ. ಬೆರಕೆ ಊರಿನಲ್ಲಾದರೆ ಕಂತ್ರಿ, ಪೇಟೆಯಲ್ಲಾದರೆ ಬೆಲೆಬಾಳುವ ವಸ್ತು!

ಲ್ಯಾಬ್ರಡೂಡಲ್‌ಗೆ ಹೆಸರು ಬಂದ ಬಗೆ ತಿಳಿಯತಕ್ಕದ್ದು. 1989ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬವರಿದ್ದರು. ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರಿಗೆ ಅಂಥ ನಾಯಿ ಬೇಕಿತ್ತು. ಆದರೆ ಆಕೆಯ ಪತಿಗೆ ನಾಯಿಯೆಂದರೆ ಅಲರ್ಜಿ. ಅದಕ್ಕಾಗಿ ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಆ ಗೃಹಸ್ಥರಿಗೆ ಒಗ್ಗಿದ್ದು ಒಂದೇ ಒಂದು. ಉಳಿದ ಮರಿಗಳನ್ನು ಬೆರಕೆಯೆಂದು ಯಾರೂ ಕೇಳದಿದ್ದಾಗ, ಹೊಸ ಹೆಸರು ಕೊಟ್ಟೊಡನೆ ಜನ ಮುಗಿಬಿದ್ದರು. ದುಡ್ಡಿನ ಆಸೆಗೆ ಎಲ್ಲರೂ ಕಂಡಕಂಡ ನಾಯಿಗಳನ್ನು ಕೂಡಿಸತೊಡಗಿದ್ದನ್ನು ನೋಡಿ, 2019ರಲ್ಲಿ ಕಾನ್ರನ್ ಅವರೇ ತಮ್ಮ ಕೆಲಸದ ಬಗೆಗೆ ಬಹಿರಂಗವಾಗಿ ವಿಷಾದಪಟ್ಟರು. ಅಲರ್ಜಿ ಉಂಟುಮಾಡುವ ವಸ್ತು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಕೂದಲು ಉದುರದ ನಾಯಿಯಿಂದ ಅಲರ್ಜಿಯಾಗದು ಎಂಬ ವ್ಯಾಪಾರದ ಮಾತನ್ನು ಮೊದಲ ಸೂಲಿನ ಮೂರು ಮರಿಗಳೇ ಸುಳ್ಳುಮಾಡಿದ್ದವು.

ಸಂಕರ ಎಂಬುದು ನಮಗೆ, ತೋಟಗಾರರಿಗೆ, ಹೊಸ ಮಾತಲ್ಲ. ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿ ಕುಬ್ಜ ಅಡಿಕೆಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಗಿಡ್ಡ ಸಂಕರ ತಳಿಗಳನ್ನು ಕೊಟ್ಟಿದ್ದಾರೆ. ಆ ಸಂಕರ ಮರದ ಹಣ್ಣನ್ನೇ ಬೀಜಕ್ಕೆ ಹಾಕಿದರೆ ಒಂದು ಸಸಿ ಗಿಡ್ಡ, ಒಂದು ಎತ್ತರ, ಇನ್ನೊಂದು ಯಾವುದಕ್ಕೂ ಬಾರದ್ದು. ಕಾಫಿಯಲ್ಲಿ ಎಸ್. 795 ನೋಡಿ. ಅದೂ ಮೂಲತಃ ಎಸ್. 288 ಮತ್ತು ಕೆಂಟ್ ಎರಡನ್ನೂ ಕೂಡಿಸಿದ್ದು. ಆದರೆ ತಲೆಮಾರುಗಳ ಕಾಲ ಆರಿಸಿ, ಬೇಡದ್ದನ್ನು ಕಿತ್ತೆಸೆದು, ಗುಣ ನಿಲ್ಲಿಸಿದ ಮೇಲೆ ಅದು ತಳಿಯಾಯಿತು. ಪೇಟೆಯ ಬಹುಪಾಲು ಲ್ಯಾಬ್ರಡೂಡಲ್‌ಗಳಿಗೆ ಹಾಗೆ ನಿಂತ ಗುಣವಿಲ್ಲ. ಒಂದೇ ಸೂಲಿನಲ್ಲಿ ಒಂದು ಮರಿ ಗುಂಗುರು ಕೂದಲಿನದು, ಒಂದು ನೆಟ್ಟಗಿನ ಕೂದಲಿನದು. ಒಂದು ಶಾಂತ, ಇನ್ನೊಂದು ಕ್ಷಣಕಾಲ ಕೂರದ್ದು. ಎರಡು ತಿಂಗಳ ಮರಿಯನ್ನು ನೋಡಿ ಎರಡು ವರ್ಷದ ನಾಯಿ ಹೇಗಿದ್ದೀತೆಂದು ಖಚಿತವಾಗಿ ಹೇಳಬಲ್ಲವರಿಲ್ಲ.

ಬೆರಕೆಯಾದ್ದರಿಂದ ರೋಗ ಕಡಿಮೆ ಎಂಬುದೂ ಅರ್ಧ ಸತ್ಯವೇ. ತಂದೆಯಲ್ಲಿರುವ ದೋಷ ತಾಯಿಯಲ್ಲಿ ಇಲ್ಲದಿದ್ದರೆ ಸಂಕರದಿಂದ ಲಾಭವುಂಟು, ನಿಜ. ಆದರೆ ಸೊಂಟದ ಕೀಲು ಸವೆಯುವ ದೋಷ, ಕ್ರಮೇಣ ಕುರುಡಾಗುವ ಕಣ್ಣಿನ ದೋಷ ಇವು ಲ್ಯಾಬ್ರಡಾರ್ ಮತ್ತು ಪೂಡಲ್ ಎರಡರಲ್ಲೂ ಇವೆ. ಎರಡೂ ಕಡೆಯಿಂದ ಬಂದದ್ದು ಮರಿಗೆ ತಪ್ಪದು. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನವರು ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂ ನಾಯಿಗಳನ್ನು ಅವುಗಳ ಮೂಲ ತಳಿಗಳೊಡನೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 86ಕ್ಕೂ ಹೆಚ್ಚಿನ ಹೋಲಿಕೆಗಳಲ್ಲಿ ಆರೋಗ್ಯದ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಬೆರಕೆ ನಾಯಿ ಕೆಟ್ಟದ್ದೂ ಅಲ್ಲ, ವಿಶೇಷ ಗಟ್ಟಿಯೂ ಅಲ್ಲ. ಹೆಚ್ಚಿನ ಬೆಲೆಗೆ ಆರೋಗ್ಯದ ಕಾರಣ ಕೊಡುವುದು ಸಲ್ಲದು.

ಇನ್ನು ನಮ್ಮ ಸೀಮೆಯ ಮಾತು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸಿನ ಮಳೆ ಬೀಳುತ್ತದೆ. ಮೇಳಿಗೆಯಲ್ಲಿ ಅಷ್ಟಿಲ್ಲದಿದ್ದರೂ ಮೃಗಶಿರಾ ಮಳೆಯಿಂದ ಹಸ್ತಾ ಮಳೆಯ ತನಕ ಬಟ್ಟೆ ಒಣಗುವುದಿಲ್ಲ; ಪೂಡಲ್ ಕೂದಲು ಒಣಗುವುದುಂಟೆ? ಆ ಕೂದಲನ್ನು ದಿನಾ ಬಾಚಬೇಕು, ಒಂದೂವರೆ ಎರಡು ತಿಂಗಳಿಗೊಮ್ಮೆ ಕತ್ತರಿಸಬೇಕು. ಬಿಟ್ಟರೆ ಗಂಟುಗಟ್ಟಿ ಅಡಿಯಲ್ಲಿ ಚರ್ಮ ಕೊಳೆಯುತ್ತದೆ. ಜೋಲುಕಿವಿಯೊಳಗೆ ತೇವ ನಿಂತು ಕೀವಾಗುತ್ತದೆ. ಗುಂಗುರು ಕೂದಲಿನೊಳಗೆ ಹೊಕ್ಕ ಉಂಬಳ, ಉಣುಗುಗಳನ್ನು ಹುಡುಕುವುದು ಮಂಜಾದ ಕಣ್ಣಿನವರ ಕೆಲಸವಲ್ಲ.

ಉಣುಗಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದು ನಾಯಿಗೆ ಬಬೇಸಿಯಾ, ಎರ್ಲಿಕಿಯಾ ಎಂಬ ಜ್ವರಗಳನ್ನು ತರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಾಡಿದ ಅನಾಹುತವನ್ನು ನಾವ್ಯಾರೂ ಮರೆತಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗಿಬಂದ ನಾಯಿ ತನ್ನ ಮೈಮೇಲೆ ಉಣುಗನ್ನು ಜಗುಲಿಯ ತನಕ ತಂದೀತು. ನಾಯಿ ಯಾವುದೇ ಇರಲಿ, ಸಂಜೆ ಮೈ ತಡವಿ ನೋಡುವುದು, ಪಶುವೈದ್ಯರು ಹೇಳಿದ ಔಷಧಿ ಹಾಕುವುದು ಅಗತ್ಯ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಬಳಿಯಕೂಡದು.

ಲ್ಯಾಬ್ರಡಾರ್ ರಕ್ತದ ಮರಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಅನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು. ಪ್ರಮಾಣ ಮೀರಿದರೆ ಅದೇ ವಿಷ. ಕಾಫಿ ಬೀಜವೂ ನಾಯಿಗೆ ಆಗದು. ಬೋರ್ಡೋ ಡ್ರಮ್ಮು, ಮೈಲುತುತ್ತದ ಚೀಲ, ಇಲಿಪಾಷಾಣ ಇವು ಮರಿಯ ಬಾಯಿಗೆಟುಕದಂತಿರಬೇಕು. ರಾತ್ರಿ ಹೊರಗೆ ಬಿಟ್ಟರೆ ಚಿರತೆಗೆ ತಳಿಯ ಭೇದವಿಲ್ಲ.

ಇಷ್ಟಾದರೂ ಕೊಳ್ಳಲೇಬೇಕೆನ್ನುವವರು ಹೆಸರಿಗೆ ಹಣ ಕೊಡದೆ ತಾಯಿತಂದೆಯನ್ನು ನೋಡಿ ಹಣ ಕೊಡಿ. ತಾಯಿನಾಯಿಯನ್ನು ತೋರಿಸದವರಲ್ಲಿ ವ್ಯಾಪಾರ ಬೇಡ. ತಂದೆತಾಯಿಯ ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆಯ ಕಾಗದ ಕೇಳಿ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಯೊಳಗೆ ಕೈಬದಲಾಗುವ ಮರಿಗೆ ಈ ಯಾವ ಆಧಾರವೂ ಇರದು.

ಆದರೆ ನಮ್ಮ ಮನಸ್ಸಿನಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಈ ಮಲೆನಾಡಿನ ತೋಟದ ಮನೆಗೆ ತಕ್ಕದ್ದು ಊರಿನ ನಾಯಿಯೇ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು, ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ. ಹೆಮ್ಮೆಯ ಸಂಗತಿಯೇ, ಆದರೆ ಅದು ಬಯಲುಸೀಮೆಯಲ್ಲಿ ಓಡುವ ಬೇಟೆನಾಯಿ. ನಮ್ಮ ಊರುನಾಯಿಯ ಗಿಡ್ಡ ಕೂದಲು ಮಳೆ ನಿಂತ ಗಳಿಗೆಯಲ್ಲಿ ಒಣಗುತ್ತದೆ. ಮಂಗ ಬಂದರೆ, ಹಂದಿ ನುಗ್ಗಿದರೆ ಹೇಳಿಕೊಡದೆಯೇ ಬೊಗಳುತ್ತದೆ. ಕುವೆಂಪು ಅವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ಕೊಟ್ಟ ಸ್ಥಾನವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ದನದ ವಿಷಯದಲ್ಲೂ ನಾವು ಈ ಪಾಠ ಕಲಿತಿದ್ದೇವೆ. ಜರ್ಸಿ ಮಿಶ್ರತಳಿ ಹಾಲು ಹೆಚ್ಚು ಕೊಟ್ಟಿತು. ಉಣುಗಿನ ಜ್ವರಕ್ಕೆ ಬೇಗ ಬಿದ್ದದ್ದೂ ಅದೇ, ತಡೆದುಕೊಂಡದ್ದು ಮಲೆನಾಡು ಗಿಡ್ಡ. ಹಸುವಿಗಾದರೆ ಹಾಲಿನ ಲೆಕ್ಕವಿತ್ತು. ನಾಯಿಗೆ ಯಾವ ಲೆಕ್ಕ?

ಊರುನಾಯಿ ತಾನೇ ಬದುಕಿಕೊಳ್ಳುತ್ತದೆ ಎಂಬ ಉದಾಸೀನವೂ ತಪ್ಪು. ಅದಕ್ಕೂ ಎಂಟು ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರಂಭಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷ ವರ್ಷ. ಹೆಣ್ಣು ಮರಿಯೆಂದು ರಸ್ತೆಬದಿಗೆ ಬಿಟ್ಟುಬರುವ ಕ್ರೌರ್ಯ ನಿಲ್ಲಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಣ್ಣುನಾಯಿಯಷ್ಟು ಮನೆಗೆ ಕಚ್ಚಿಕೊಂಡಿರುವ ಪ್ರಾಣಿ ಬೇರಿಲ್ಲ.

ಕೊನೆಯದಾಗಿ ಒಂದು ಸಲಹೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ನಮ್ಮ ವಾರ್ಷಿಕ ಮಹಾಸಭೆಯೂ ಅದೇ ತಿಂಗಳಿನಲ್ಲಿ ಬರುತ್ತದೆ. ಪಶುಪಾಲನಾ ಇಲಾಖೆಯ ನೆರವು ಕೋರಿ ಸಂಘದ ಆವರಣದಲ್ಲಿ ಒಂದು ದಿನದ ಲಸಿಕೆ ಶಿಬಿರ ನಡೆಸಬಹುದಲ್ಲವೇ? ಆಡಳಿತ ಮಂಡಳಿಯ ಮುಂದೆ ಈ ವಿಷಯವನ್ನಿಡಲಿದ್ದೇವೆ. ತಮ್ಮ ಮನೆಯಲ್ಲಿ ಎಷ್ಟು ನಾಯಿಗಳಿವೆ, ಎಷ್ಟಕ್ಕೆ ಲಸಿಕೆಯಾಗಿದೆ ಎಂಬುದನ್ನು ಸದಸ್ಯರು ಅಡಿಕೆ ತರುವಾಗ ಕಚೇರಿಯಲ್ಲಿ ತಿಳಿಸಿದರೆ ಉಪಕಾರವಾದೀತು. ಬೆರಕೆಯಾಗಲಿ, ಕಂತ್ರಿಯಾಗಲಿ, ಎಲ್ಲವನ್ನೂ ಕರೆತರಬಹುದು.

— ಕಾರ್ಯದರ್ಶಿ